ಉಜ್ಜಬಾರದಿದ್ದ ಬಾಲ

೧೯೯೯ರಲ್ಲಿ ನಾನು ಚಳ್ಳಕೆರೆಯ ಒಂದು ಸಣ್ಣ ಫೌಂಡ್ರಿಯಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದೆ. ಸುತ್ತಲಿನ ಶೇಂಗಾ ಎಣ್ಣೆ ಮಿಲ್‌ಗಳಿಗೆ ಬೇಕಾದ ಪುಲ್ಲಿ, ಗೇರುಗಳನ್ನು ನಾವು ಎರಕ ಹೊಯ್ದು ಕೊಡುತ್ತಿದ್ದೆವು. ನನಗೆ ಆ ಕೆಲಸದಲ್ಲಿ ಹದಿನೇಳು ವರ್ಷ ತುಂಬಿತ್ತು. ಬೇರೆಯವರ ಡ್ರಾಯಿಂಗ್‌ನಲ್ಲಿ ತಪ್ಪು ಹುಡುಕುವ ಚಟ ಹತ್ತಲು ಅಷ್ಟು ಕಾಲ ಧಾರಾಳ ಸಾಕು.

ಪ್ಯಾಟರ್ನ್ ಎಂದರೆ ಕಬ್ಬಿಣದಲ್ಲಿ ಬೇಕಾದ ವಸ್ತುವಿನ ಮರದ ಪ್ರತಿರೂಪ. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅಚ್ಚು ಮೂಡುತ್ತದೆ, ಅದಕ್ಕೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಆರುವಾಗ ಅಡಿಗೆ ಸುಮಾರು ಇಂಚಿನ ಎಂಟನೇ ಒಂದು ಭಾಗ ಕುಗ್ಗುತ್ತದೆ. ಆದ್ದರಿಂದ ನಮ್ಮ ಅಳತೆಪಟ್ಟಿಯೇ ಬೇರೆ. ಶ್ರಿಂಕೇಜ್ ಸ್ಕೇಲ್ ಎನ್ನುವ ಅದರಲ್ಲಿ ಒಂದು ಅಡಿ ಎಂದು ಬರೆದದ್ದು ಅಡಿಗಿಂತ ತುಸು ಉದ್ದವಿರುತ್ತದೆ. ಅಂಗಡಿಯ ಸ್ಕೇಲನ್ನು ನಂಬದೆ ಬದುಕುವ ಜಾತಿ ನಮ್ಮದು.

ಆ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ವಸುಧಾ ಎಂಬ ಮೂವತ್ತರ ಆಸುಪಾಸಿನ ಹೆಣ್ಣುಮಗಳು ಬಂದರು. ಶಾಲೆಗಳಿಗೆ ವಿಜ್ಞಾನದ ಮಾದರಿ ಮಾಡುವ ಒಂದು ಕಂಪನಿಯ ಕೆಲಸ ಬಿಟ್ಟು, ಜೋಡಿಸುವ ವಿಮಾನದ ಕಿಟ್‌ಗಳನ್ನು ತಾವೇ ತಯಾರಿಸಲು ಹೊರಟಿದ್ದರು. ಮೊದಲ ಕಿಟ್‌ಗೆ ಅವರು ಆರಿಸಿದ್ದು ಎಕ್ಸ್-೧೫. ಅರುವತ್ತರ ದಶಕದಲ್ಲಿ ಅಮೆರಿಕದವರು ಪ್ರಯೋಗಕ್ಕೆಂದು ಹಾರಿಸುತ್ತಿದ್ದ ಹೈಪರ್‌ಸಾನಿಕ್ ವಿಮಾನ ಅದು. ಹೈಪರ್‌ಸಾನಿಕ್ ಎಂದರೆ ಶಬ್ದದ ಐದು ಪಟ್ಟಿಗೂ ಮಿಕ್ಕ ವೇಗ. ನೆಲದಿಂದ ಏಳುತ್ತಿರಲಿಲ್ಲ. ದೊಡ್ಡ ವಿಮಾನವೊಂದರ ರೆಕ್ಕೆಯಡಿ ನೇತಾಡುತ್ತ ಹೋಗಿ, ಮೇಲೆ ಕಳಚಿಕೊಂಡು, ಆಮೇಲೆ ರಾಕೆಟ್ ಹೊತ್ತಿಸುತ್ತಿತ್ತು. ಚಳ್ಳಕೆರೆಯಲ್ಲಿ ಕೂತು ಇದನ್ನು ಕೇಳಿದಾಗ ನನ್ನ ಕೈಯ ಉಳಿ ಕೈಯಲ್ಲೇ ಉಳಿಯಿತು.

ಅವರಿಗೆ ಬೇಕಿದ್ದದ್ದು ಮರದ ಮೂಲ ಮಾದರಿ. ಅದರ ಮೇಲೆ ಸಿಲಿಕೋನ್ ರಬ್ಬರ್ ಹೊಯ್ದು ಅಚ್ಚು ಮಾಡಿ, ಅಚ್ಚಿನಲ್ಲಿ ಆರಿದರೆ ಗಟ್ಟಿಯಾಗುವ ರೆಸಿನ್ ತುಂಬಿದರೆ ಕಿಟ್‌ನ ಭಾಗಗಳು ಬರುತ್ತವೆ. ಬೆಂಗಳೂರಿನ ಇಬ್ಬರು ಪ್ಯಾಟರ್ನ್‌ನವರು ‘ಆಟದ ಸಾಮಾನು ಮಾಡಲ್ಲ’ ಎಂದು ವಾಪಸ್ ಕಳಿಸಿದ್ದರಂತೆ. ನಮ್ಮ ಫೌಂಡ್ರಿಯ ಮಾಲೀಕರಾದ ರಹೀಮ್ ಸಾಹೇಬರು ಡ್ರಾಯಿಂಗ್ ನೋಡಿ, “ನಮ್ ಮೇಸ್ತ್ರಿ ಮಾಡ್ತಾರೆ, ಬೇಫಿಕರ್ ಹೋಗಿ ಬರ್ರಿ ಬೇಟಿ,” ಎಂದು ನನ್ನನ್ನು ಕೇಳದೆಯೇ ಮಾತು ಕೊಟ್ಟುಬಿಟ್ಟರು. ಕೇಳಿದ್ದರೂ ನಾನು ಒಪ್ಪುತ್ತಿದ್ದೆ. ಅಷ್ಟು ಕುತೂಹಲ ಹುಟ್ಟಿತ್ತು.

ಅಳತೆ ನಲವತ್ತೆಂಟರಲ್ಲಿ ಒಂದು. ನಿಜವಾದ ವಿಮಾನದ ಒಂದು ಅಡಿ ನನ್ನ ಮರದಲ್ಲಿ ಕಾಲು ಇಂಚು. ಐವತ್ತು ಅಡಿಯ ವಿಮಾನ ಹನ್ನೆರಡೂವರೆ ಇಂಚಿಗೆ ಬಂದು ಕೂತಿತು. ಇಲ್ಲಿ ಕಬ್ಬಿಣ ಹೊಯ್ಯುವುದಿಲ್ಲವಲ್ಲ, ಶ್ರಿಂಕೇಜ್ ಸ್ಕೇಲ್ ಅಭ್ಯಾಸಬಲದಿಂದ ಕೈಗೆ ಬಂದೀತೆಂದು ಅದನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದೆ. ಆ ಜಾಣತನಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹಳೆಯ ಸಾಗುವಾನಿ ಬಾಗಿಲಿನ ತುಂಡಿನಲ್ಲಿ ಮೈ, ರೆಕ್ಕೆ, ಬಾಲ ಎಲ್ಲವನ್ನೂ ಬೇರೆ ಬೇರೆ ಕೆತ್ತಿದೆ. ಬಾಲಕ್ಕೆ ಬಂದಾಗ ಕೈ ತಡೆಯಿತು. ಡ್ರಾಯಿಂಗ್‌ನಲ್ಲಿ ಮೇಲಿನ ಬಾಲವೂ ಕೆಳಗಿನ ಬಾಲವೂ ಮುಂದೆ ಚೂಪಾಗಿ, ಹಿಂದಕ್ಕೆ ಹೋಗುತ್ತ ದಪ್ಪವಾಗಿ, ಕೊನೆಯಲ್ಲಿ ಗರಗಸದಿಂದ ಕತ್ತರಿಸಿದಂತೆ ಮೊಂಡಾಗಿದ್ದವು. ನನ್ನ ಮರದಲ್ಲಿ ಅದು ಸುಮಾರು ಕಾಲು ಇಂಚಿನ ದಪ್ಪ. ಜಗತ್ತಿನಲ್ಲೇ ವೇಗದ ವಿಮಾನಕ್ಕೆ ಹಿಂದೆ ಇಂಥ ಮೊಂಡು ಬಾಲವೇ?

ನನ್ನ ಅಪ್ಪ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರಿಗೆ ಲಾಳಿ ಮಾಡಿಕೊಡುತ್ತಿದ್ದವರು. ಮಗ್ಗದಲ್ಲಿ ಎಳೆಗಳ ನಡುವೆ ನೂಲು ಹೊತ್ತು ಓಡುವ ಮರದ ದೋಣಿಯೇ ಲಾಳಿ. ಅದರ ಎರಡೂ ತುದಿ ಚೂಪು, ಎರಡೂ ನುಣುಪು. ಎಳೆಗೆ ತಾಗಿದರೆ ಸೀರೆ ಹಾಳು. ನಾನು ಮೊದಲು ಅರ ಹಿಡಿದದ್ದು ಆ ಲಾಳಿಗಳ ಮೇಲೆ. ಜೋರಾಗಿ ಓಡುವುದಕ್ಕೆ ಹಿಂದೂ ಮುಂದೂ ಚೂಪಿರಬೇಕೆಂಬುದು ನನಗೆ ಕಲಿತ ಪಾಠವಲ್ಲ, ಕೈಗೆ ಅಂಟಿದ ಗುಣ.

ವಸುಧಾ ಫೋನ್ ನಂಬರು ಬರೆದುಕೊಟ್ಟಿದ್ದರು. ಎಸ್‌ಟಿಡಿ ಬೂತು ಫೌಂಡ್ರಿಯ ಎದುರಿಗೇ ಇತ್ತು. ರಸ್ತೆ ದಾಟಲಿಲ್ಲ. ಹದಿನೇಳು ವರ್ಷದ ಮೇಸ್ತ್ರಿ ಇಷ್ಟು ಸಣ್ಣದನ್ನು ಕೇಳುವುದೇ ಎಂಬ ಬಿಗುಮಾನ. ಪಾಪ, ಡ್ರಾಯಿಂಗ್ ಮಾಡಿದವರು ಎಡವಿದ್ದಾರೆ, ನಾನು ಸದ್ದಿಲ್ಲದೆ ಸರಿಮಾಡಿ ಮರ್ಯಾದೆ ಉಳಿಸುತ್ತೇನೆ ಎಂದುಕೊಂಡು, ಎರಡೂ ಬಾಲಗಳ ಹಿಂಭಾಗವನ್ನು ಅರದಿಂದ ಉಜ್ಜಿ ಲಾಳಿಯ ತುದಿಯಂತೆ ತೆಳ್ಳಗೆ ಮಾಡಿದೆ. ಎಷ್ಟು ಚೆಂದ ಬಂದಿತ್ತೆಂದರೆ ಸಾಹೇಬರನ್ನು ಕರೆದು ತೋರಿಸಿದೆ.

ಬರುವೆನೆಂದು ಹೇಳಿದ್ದ ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ವಸುಧಾ ಬಂದರು. ಮೈಯನ್ನು, ರೆಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿ ಮುಖ ಅರಳಿಸಿದರು. ಬಾಲ ಕೈಗೆತ್ತಿಕೊಂಡರು. ಹೆಬ್ಬೆರಳಿಂದ ಹಿಂದಿನ ಅಂಚನ್ನು ಸವರಿದರು.

“ಇದನ್ನ ತೆಳ್ಳಗೆ ಮಾಡಿದ್ದು ಯಾಕೆ, ಮೇಸ್ತ್ರಿ?”

“ಡ್ರಾಯಿಂಗ್‌ನಾಗೆ ತಪ್ಪಿತ್ತು ಮೇಡಂ. ಸರಿ ಮಾಡಿದೀನಿ,” ಎಂದೆ. ಮೆಚ್ಚುಗೆಗೆ ಕಾದೆ ಕೂಡ.

“ತಪ್ಪಲ್ಲ. ಈ ವಿಮಾನದ ಗುಟ್ಟೇ ಅದು.”

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಅಷ್ಟು ವೇಗದಲ್ಲಿ ತೆಳ್ಳನೆಯ ಬಾಲಕ್ಕೆ ಗಾಳಿಯ ಮೇಲೆ ಹಿಡಿತ ಕಡಿಮೆಯಾಗುತ್ತದೆ. ಮೂತಿ ಒಂದಿಷ್ಟು ಪಕ್ಕಕ್ಕೆ ತಿರುಗಿದರೆ ನೇರಕ್ಕೆ ತರುವ ಶಕ್ತಿ ಸಾಲದು. ಬೆಣೆಯಂತಿದ್ದರೆ ಗಾಳಿ ಎರಡೂ ಮಗ್ಗುಲನ್ನು ಒತ್ತುತ್ತಲೇ ಇರುತ್ತದೆ. ವಿಮಾನ ತಿರುಗಿದ ಕೂಡಲೇ ಒಂದು ಕಡೆ ಒತ್ತಡ ಹೆಚ್ಚಿ ಅದನ್ನು ಸರಿದಾರಿಗೆ ನೂಕುತ್ತದೆ. ನನಗೆ ನಂಬಿಕೆ ಬರಲಿಲ್ಲ. ಒಂದು ಬೆಣೆಯನ್ನೂ ಒಂದು ಪಟ್ಟಿಯನ್ನೂ ನೀರಿನ ತೊಟ್ಟಿಯಲ್ಲಿ ಎಳೆದು ನೋಡಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. “ತೊಟ್ಟೀಲಿ ಕಾಣಲ್ಲ ಮೇಸ್ತ್ರಿ, ಅಷ್ಟು ಜೋರಾಗಿ ಎಳೆಯೋ ಕೈ ಯಾರಿಗಿದೆ?” ಎಂದು ನಕ್ಕರು.

ನಗು ಬಹಳ ಹೊತ್ತು ಉಳಿಯಲಿಲ್ಲ. ಸೋಮವಾರ ಬೆಂಗಳೂರಿನ ಒಂದು ವಿಜ್ಞಾನ ಪ್ರದರ್ಶನದಲ್ಲಿ ಅವರಿಗೊಂದು ಮೇಜು ಸಿಕ್ಕಿತ್ತು. ಗುರುವಾರ ಬೆಳಿಗ್ಗೆ ರಬ್ಬರ್ ಹೊಯ್ಯದಿದ್ದರೆ ಒಂದು ಕಿಟ್ಟೂ ಆಗುವುದಿಲ್ಲ. ಇದ್ದದ್ದು ಒಂದೇ ಡಬ್ಬ ರಬ್ಬರ್. ತಪ್ಪು ಬಾಲವಿಟ್ಟು ಹೋದರೆ, ಆ ಕಿಟ್ ಕೊಳ್ಳುವಂಥವರು ಮೊದಲು ನೋಡುವುದೇ ಬಾಲವನ್ನು. ಕೆಲಸ ಬಿಟ್ಟು ಬಂದ ಮನುಷ್ಯರಿಗೆ ಮೊದಲ ಮೇಜಿನಲ್ಲೇ ನಗೆಪಾಟಲು. ಅವರ ಐದು ಗಂಟೆಯ ಬಸ್ಸಿಗೆ ಮೂರೂವರೆ ಗಂಟೆ ಉಳಿದಿತ್ತು. ಮರ ಕಡಿಮೆ ಮಾಡಬಹುದು, ಉಜ್ಜಿದ್ದನ್ನು ಮತ್ತೆ ಹಾಕಲಾಗದು. ನನಗೆ ನಿಜಕ್ಕೂ ನಾಚಿಕೆಯಾಯಿತು.

“ಗಣಪತಿ ಮಾಡಾಕೆ ಹೋಗಿ ಅವರಪ್ಪನ್ನ ಮಾಡಿದೆ ನೋಡ್ರಿ,” ಎಂದೆ.

ರಹೀಮ್ ಸಾಹೇಬರು ಬಿಡಲಿಲ್ಲ. “ಅರೆ ಮೇಸ್ತ್ರಿ, ಎದುರಿಗೇ ಬೂತ್ ಐತೆ. ಒಂದು ಫೋನ್ ಮಾಡಿದ್ರೆ ನಿಮ್ ನಾಲಿಗೆ ಸವೀತಿತ್ತಾ?” ಎಂದವರೇ, ತಾವೇ ಹೋಗಿ ಸಾಗುವಾನಿಯ ಉಳಿದ ತುಂಡು ತಂದು ನನ್ನ ಮುಂದಿಟ್ಟರು. ಆ ದಿನ ಅಂಗಳದಲ್ಲಿ ಯಾರೂ ನನ್ನನ್ನು ಮಾತಾಡಿಸದಂತೆ ನೋಡಿಕೊಂಡರು.

ಊಟ ಬಿಟ್ಟು ಕೂತೆ. ಮೇಲಿನ ಬಾಲ ಮೂರು ಗಂಟೆಯ ಹೊತ್ತಿಗೆ ಮುಗಿಯಿತು. ಕೆಳಗಿನದನ್ನು ಹಿಡಿದಾಗ ಡ್ರಾಯಿಂಗ್‌ನಲ್ಲಿ ಅದರ ನಡುವೆ ಒಂದು ಅಡ್ಡಗೆರೆ ಕಂಡಿತು. ಮೊದಲ ಸಲ ಅದನ್ನು ಜೆರಾಕ್ಸ್‌ನ ಮಡಿಕೆಯೆಂದು ಬಿಟ್ಟುಬಿಟ್ಟಿದ್ದೆ. ವಸುಧಾ ಅದನ್ನು ಗಮನಿಸಿರಲಿಲ್ಲ. ನಾನು ಬಾಯಿ ಬಿಡದಿದ್ದರೆ ಹೊತ್ತೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು.

“ಮೇಡಂ, ಇನ್ನೊಂದು ಐತೆ. ಈ ಗೆರೆ ನಾನು ಬಿಟ್ಟಿದ್ದೆ. ಬೇಕೋ, ಬ್ಯಾಡವೋ?”

ಅವರು ಬಗ್ಗಿ ನೋಡಿ ಹಣೆ ಚಚ್ಚಿಕೊಂಡರು. ಆ ವಿಮಾನಕ್ಕೆ ಹಿಂದೆ ಚಕ್ರವೇ ಇರಲಿಲ್ಲವಂತೆ, ಜಾರುಪಟ್ಟಿಯ ಮೇಲೆ ಇಳಿಯುತ್ತಿತ್ತಂತೆ. ಕೆಳಗಿನ ಬಾಲ ಇದ್ದಂತೆಯೇ ಇಳಿದರೆ ನೆಲಕ್ಕೆ ಬಡಿಯುತ್ತದೆ. ಆದ್ದರಿಂದ ಇಳಿಯುವ ಮುನ್ನ ಗೆರೆಯ ಕೆಳಗಿನ ಅರ್ಧವನ್ನು ಆಕಾಶದಲ್ಲೇ ಕಳಚಿ ಬಿಡುತ್ತಿದ್ದರು. ಅಂದರೆ ಆ ಗೆರೆ ಇಲ್ಲದಿದ್ದರೆ ನನ್ನ ವಿಮಾನ ಹಾರಬಹುದಿತ್ತು, ಇಳಿಯುವಂತಿರಲಿಲ್ಲ. ಗೆರೆಯನ್ನು ಕೊರೆದೆ. ಐದಕ್ಕೆ ಹತ್ತು ನಿಮಿಷವಿದ್ದಾಗ ಎರಡೂ ಬಾಲಗಳನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟೆ. ಸಾಹೇಬರು ಸ್ಕೂಟರಿನಲ್ಲಿ ಅವರನ್ನು ಬಸ್ ಸ್ಟ್ಯಾಂಡಿಗೆ ಮುಟ್ಟಿಸಿದರು.

ಭಾನುವಾರ ಮೊಳಕಾಲ್ಮೂರಿಗೆ ಹೋದಾಗ ಉಜ್ಜಿ ಕೆಡಿಸಿದ ಬಾಲವನ್ನು ಅಪ್ಪನ ಕೈಗಿಟ್ಟು ನಡೆದದ್ದನ್ನು ಹೇಳಿದೆ. ಲಾಳಿಯಂತೆಯೇ ಮಾಡಿದ್ದೆ, ತಪ್ಪೇನು ಎಂದು ವಾದಿಸಿದೆ ಕೂಡ. ಅವರು ತಿರುಗಿಸಿ ತಿರುಗಿಸಿ ನೋಡಿದರು.

“ಏಮಿರಾ, ಲಾಳಿ ಹೋಗಿ ವಾಪಸ್ ಬರ್ತೈತೆ. ಅದ್ಕೇ ಎರಡೂ ಕಡೆ ಚೂಪು. ನಿನ್ ಇಮಾನ ಹಿಂದ್ಹಿಂದಕ್ಕೂ ಹಾರ್ತೈತೇನು?”

ಇಪ್ಪತ್ತು ವರ್ಷ ಲಾಳಿ ನೋಡಿದ್ದೆ. ತುದಿ ಯಾಕೆ ಚೂಪೆಂದು ಅವರನ್ನೂ ಎಂದೂ ಕೇಳಿರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಪಾರ್ಸೆಲ್ ಬಂತು. ಪ್ರದರ್ಶನಕ್ಕೆ ಒಯ್ದಿದ್ದ ಹನ್ನೆರಡೂ ಕಿಟ್ ಮಾರಾಟವಾದವೆಂದೂ, ಎರಡನೇ ಸಲ ಅಚ್ಚು ಹಾಕಿದ್ದರಲ್ಲಿ ನನಗೊಂದು ಕಳಿಸಿರುವುದಾಗಿಯೂ ವಸುಧಾ ಬರೆದಿದ್ದರು. ಪೆಟ್ಟಿಗೆಯ ಮೇಲೆ ನನ್ನ ಹೆಸರಿರಲಿಲ್ಲ, ಇರಬೇಕೆಂದು ನಾನೂ ಬಯಸಿರಲಿಲ್ಲ. ಆದರೆ ಒಳಗಿನ ಜೋಡಣೆಯ ಹಾಳೆಯಲ್ಲಿ, ಏಳನೇ ಹಂತದ ಪಕ್ಕ, ಚೌಕ ಹಾಕಿ ಕನ್ನಡದಲ್ಲಿ ಅಚ್ಚಾಗಿತ್ತು: ‘ಬಾಲದ ಹಿಂಭಾಗ ದಪ್ಪವಾಗಿಯೇ ಇದೆ. ಇದು ತಪ್ಪಲ್ಲ. ದಯವಿಟ್ಟು ಉಜ್ಜಬೇಡಿ.’

ಸಾಹೇಬರು ಅದನ್ನು ಗಟ್ಟಿಯಾಗಿ ಓದಿಸಿಕೊಂಡು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಆ ಹಾಳೆಯನ್ನು ಬೆಂಚಿನ ಮೇಲಿನ ಗೋಡೆಗೆ ಅಂಟಿಸಿದೆ. ನಿವೃತ್ತನಾಗುವವರೆಗೆ, ಯಾವುದೇ ಡ್ರಾಯಿಂಗ್‌ನಲ್ಲಿ ತಪ್ಪು ಕಂಡಾಗ ಮೊದಲು ಅದನ್ನು ಓದುತ್ತಿದ್ದೆ. ಆಮೇಲೆ ರಸ್ತೆ ದಾಟಿ ಫೋನ್ ಮಾಡುತ್ತಿದ್ದೆ.