ದೀಪದ ಮಿನುಗು ಎಣಿಸುವ ಮಿಣುಕಕ್ಕ

ಬೆಳಗಿನ ಆರು ಗಂಟೆ. ಗ್ಯಾರೇಜಿನ ಷಟರ್ ಇನ್ನೂ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ, ನೆಲಕ್ಕೆ ಅಂಟಿಕೊಂಡಂತೆ ನಿಂತಿರುವ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಐವತ್ತಾರು ವರ್ಷದ ಎಲೆಕ್ಟ್ರಿಷಿಯನ್ ಅದರ ಬಾನೆಟ್ ಎತ್ತುತ್ತಾರೆ. ಬೆರಳುದ್ದದ ತಂತಿಯನ್ನು ಲಾಳದ ಹಾಗೆ ಬಗ್ಗಿಸಿ, ಮೂಲೆಯ ಕಪ್ಪು ಡಬ್ಬಿಯ ಎರಡು ತೂತುಗಳಿಗೆ ಸಿಕ್ಕಿಸುತ್ತಾರೆ. ಆಮೇಲೆ ಒಳಗೆ ಕೂತು, ಇಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ, ಡ್ಯಾಶ್‌ಬೋರ್ಡಿನ ಹಳದಿ ದೀಪವನ್ನು ರೆಪ್ಪೆ ಬಡಿಯದೆ ನೋಡುತ್ತಾರೆ.

ಈಗಿನ ಕಾರುಗಳಿಗೆ ಸ್ಕ್ಯಾನರ್ ಚುಚ್ಚಿದರೆ ದೋಷದ ಸಂಖ್ಯೆ ಪರದೆಯ ಮೇಲೆ ಬರುತ್ತದೆ. ಮೂವತ್ತು ವರ್ಷದ ಈ ಕಾರು ಅದನ್ನು ದೀಪ ಮಿನುಗಿಸಿ ಹೇಳುತ್ತದೆ. ಮೊದಲು ಬರುವ ಮಿನುಗು ಹತ್ತರ ಲೆಕ್ಕ, ಸಣ್ಣ ಬಿಡುವಿನ ನಂತರ ಬರುವುದು ಬಿಡಿಯ ಲೆಕ್ಕ. ಎರಡು ಸಲ ಮಿನುಗಿ, ನಿಂತು, ಮತ್ತೊಂದು ಸಲ ಮಿನುಗಿದರೆ ಇಪ್ಪತ್ತೊಂದು. ಇಂಥ ಮೂವತ್ತು ಚಿಲ್ಲರೆ ಸಂಖ್ಯೆಗಳು ಇವರಿಗೆ ಬಾಯಿಪಾಠ. ಅದಕ್ಕೇ ಗ್ಯಾರೇಜಿನಲ್ಲಿ ಇವರ ಹೆಸರು ಮಿಣುಕಕ್ಕ.

ಇಂದು ದೀಪ ಒಂದೇ ಸಮನೆ, ಬಿಡುವಿಲ್ಲದೆ ಮಿನುಗುತ್ತಿದೆ. ಹಾಗೆಂದರೆ ಯಾವ ದೂರೂ ಇಲ್ಲ. ವಾರದಿಂದ ಉರಿಯುತ್ತಿದ್ದ ದೀಪಕ್ಕೆ ದೂರೇ ಇಲ್ಲವೆಂದರೆ ನಂಬುವುದು ಹೇಗೆ? ಅಕ್ಕ ಹಿಂತಿರುಗಿ ಕಾರಿನ ಮಾಲೀಕರನ್ನು ನೋಡುತ್ತಾರೆ. ಅವರು ನಿವೃತ್ತ ಹಲ್ಲಿನ ಡಾಕ್ಟರು. ನಿನ್ನೆ ಸಂಜೆ ತಾವೇ ಬ್ಯಾಟರಿಯ ತಂತಿ ಬಿಚ್ಚಿ ಹಾಕಿದ್ದಾಗಿ ಒಪ್ಪಿಕೊಳ್ಳುತ್ತಾರೆ. ದೀಪ ಆರಿತು, ಅದರ ಜೊತೆಗೆ ಕಾರಿನ ನೆನಪೂ ಅಳಿಸಿಹೋಯಿತು.

"ಹಲ್ಲು ಮರಗಟ್ಟಿಸಿ, ಆಮೇಲೆ ಯಾವ ಹಲ್ಲು ನೋಯ್ತಿದೆ ಹೇಳು ಅಂದ ಹಾಗಾಯ್ತು ಡಾಕ್ಟ್ರೇ" ಎನ್ನುತ್ತಾರೆ ಅಕ್ಕ. ಡಾಕ್ಟರು ತಲೆ ತಗ್ಗಿಸಿ ನಗುತ್ತಾರೆ.

ಡಾಕ್ಟರು ಗಾಬರಿಯಲ್ಲಿ ತಂತಿ ಬಿಚ್ಚಿದ್ದಕ್ಕೆ ಕಾರಣವಿದೆ. ಇಷ್ಟು ತಗ್ಗಿನ ಸೀಟಿಗೆ ಇಳಿಯಲು ಅವರ ಮಂಡಿಗಳು ಒಪ್ಪುತ್ತಿಲ್ಲ, ಹಾಗಾಗಿ ಕಾರು ಮಾರುತ್ತಿದ್ದಾರೆ. ಕಾರು ಕೊಳ್ಳುವವರು ಬೇರೆ ಊರಿನಿಂದ ಇಂದು ಒಂಬತ್ತಕ್ಕೆ ಬರುತ್ತಾರೆ. ದೋಷ ಸಿಕ್ಕಿ ಸರಿಯಾದರೆ ಓಡಿಸಿಕೊಂಡು ಹೋಗುತ್ತಾರೆ, ಇಲ್ಲವಾದರೆ ಬಿಚ್ಚಿ ಬಿಡಿಭಾಗಗಳಿಗೆ ಬಳಸುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದರ ನಾಡಿ ನೋಡುತ್ತಿರುವ ಅಕ್ಕನ ಪಾಲಿಗೆ ಎರಡೂ ಅಗಲಿಕೆಯೇ. "ಆದ್ರೆ ಎಲ್ಲೋ ಓಡ್ತಿದೆ ಅಂತ ಗೊತ್ತಿದ್ರೆ ಸಾಕು" ಎನ್ನುತ್ತಾರೆ.

ಹತ್ತನೇ ತರಗತಿಗೆ ಓದು ನಿಲ್ಲಿಸಿದ ಅಕ್ಕ ಕೆಲಸ ಕಲಿತದ್ದು ಇದೇ ಗ್ಯಾರೇಜಿನಲ್ಲಿ. ಇದು ಅವರ ಭಾವನದು, ಅಂದರೆ ಒಡಹುಟ್ಟಿದ ಅಕ್ಕನ ಗಂಡನದು. ಮೊದಮೊದಲು ಬಂದವರು ಇವರನ್ನು ದಾಟಿ ನೋಡಿ, ಮೆಕ್ಯಾನಿಕ್ ಎಲ್ಲಿ ಎಂದು ಕೇಳುತ್ತಿದ್ದರಂತೆ. ಈಗ ದಿನಕ್ಕೆ ಏಳೆಂಟು ಗಾಡಿಗಳ ವೈರಿಂಗ್ ಇವರ ಕೈಯಲ್ಲಿ ಹಾದುಹೋಗುತ್ತದೆ. ಮಿನುಗು ಎಣಿಸಬೇಕಾದವು ಮಾತ್ರ ಕಳೆದ ವರ್ಷ ಪೂರ್ತಿ ನಾಲ್ಕೇ.

ಅಳಿಸಿದ ದೂರು ಮರಳಬೇಕಾದರೆ ಕಾರು ಓಡಬೇಕು. ದೀಪ ಹತ್ತುವ ಕ್ಷಣಕ್ಕೆ ಯಾವ ಗೇರು, ಎಂಥ ರಸ್ತೆ ಎಂದು ಪಕ್ಕದಲ್ಲಿ ಕೂತವರು ಗಮನಿಸಬೇಕು. ಆ ಕೆಲಸ ಯಾವಾಗಲೂ ಭಾವನದು. ಅಕ್ಕ ಈ ಕಾರಿನಲ್ಲಿ ಒಮ್ಮೆಯೂ ಗ್ಯಾರೇಜಿನ ಹೊಸಿಲು ದಾಟಿದವರಲ್ಲ. ಇಂದು ಭಾವ ಸೊಂಟ ಹಿಡಿದು ಮನೆಯಲ್ಲಿ ಮಲಗಿದ್ದಾರೆ. ಅಕ್ಕ ಕೈ ತೊಳೆದು, ಸೀಟಿಗೆ ಕೊಳೆಯಾದೀತೆಂದು ಹಳೆಯ ಬಟ್ಟೆ ಹಾಸಿ ಡಾಕ್ಟರ ಪಕ್ಕ ಕೂರುತ್ತಾರೆ.

ಮುಕ್ಕಾಲು ಗಂಟೆಯ ನಂತರ ವಾಪಸಾಗುತ್ತಾರೆ. ಸೇತುವೆಯ ಏರಿನಲ್ಲಿ, ಮೂರನೇ ಗೇರಿನಲ್ಲಿ, ಡಾಕ್ಟರು ಆಕ್ಸಿಲರೇಟರ್ ಒತ್ತಿದಾಗ ದೀಪ ಹತ್ತಿದೆ. ಮತ್ತೆ ತಂತಿ, ಮತ್ತೆ ಕೀಲಿ. ಎರಡು ಮಿನುಗು, ಬಿಡುವು, ಒಂದು ಮಿನುಗು. ಇಪ್ಪತ್ತೊಂದು: ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅಳೆಯುವ ಸೆನ್ಸರಿನ ದೂರು. ಹಲವರು ಸೆನ್ಸರನ್ನೇ ಬದಲಿಸಿಬಿಡುತ್ತಾರೆ. "ದೂರು ಕೊಟ್ಟವನನ್ನೇ ಕಳ್ಳ ಅಂತ ಹಿಡಿದುಕೊಂಡು ಹೋಗೋದು ಅದು" ಎಂದು ಅಕ್ಕ ಟಾರ್ಚ್ ಹಿಡಿದು ಕಾರಿನಡಿ ಜಾರುತ್ತಾರೆ.

ಟಾರ್ಚಿನ ಬೆಳಕು ಒಂದು ಕಡೆ ನಿಲ್ಲುತ್ತದೆ. ಸೆನ್ಸರಿಗೆ ಹೋಗುವ ವೈರು ಕಟ್ಟು ಬಿಟ್ಟು, ಬಿಸಿ ಹೊಗೆ ಕೊಳವೆಯ ಮೇಲೆ ಬಿದ್ದು, ಮೇಲುಕವಚ ಕರಗಿದೆ. ಏರಿನಲ್ಲಿ ಇಂಜಿನ್ ತುಸು ವಾಲಿದಾಗ ಬರಿ ತಂತಿ ಲೋಹಕ್ಕೆ ತಾಗುತ್ತದೆ. ಆ ಕಟ್ಟು ಒಂದು ಪ್ಲಾಸ್ಟಿಕ್ ಪಟ್ಟಿ. ಅದರ ಪಕ್ಕದಲ್ಲಿ ಒಂದು ಸುತ್ತು ಹಸಿರು ಟೇಪು. ಈ ಗ್ಯಾರೇಜಿನಲ್ಲಿ ಹಸಿರು ಟೇಪು ಸುತ್ತುವವರು ಒಬ್ಬರೇ.

ಅಷ್ಟರಲ್ಲಿ ಕೊಳ್ಳುವವರು ಬಂದಿದ್ದಾರೆ. ಹಳೆಯ ಕಾರು, ವೈರು ಸವೆದಿದೆ ಎಂದರಾಯಿತಲ್ಲ ಎಂದು ಡಾಕ್ಟರು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಅಕ್ಕ ಬಂದವರನ್ನೇ ಕರೆದು ಟಾರ್ಚ್ ಹಿಡಿಯುತ್ತಾರೆ.

"ಇದು ನನ್ನದೇ ಕೆಲಸ. ಬಿಸಿ ಜಾಗದಲ್ಲಿ ಪ್ಲಾಸ್ಟಿಕ್ ಕಟ್ಟಬಾರ್ದಿತ್ತು. ಆವತ್ತು ಲೋಹದ ಕ್ಲಿಪ್ ಇರ್ಲಿಲ್ಲ, ನಾಳೆ ಹಾಕೋಣ ಅಂದ್ಕೊಂಡೆ. ಆ ನಾಳೆಗೆ ಒಂಬತ್ತು ವರ್ಷ ಆಯ್ತು."

ಬಂದವರು ಮಂಡಿಯೂರಿ ನೋಡುತ್ತಾರೆ. ಇಂಥ ಕಟ್ಟು ಇನ್ನೆಷ್ಟಿವೆ ಎಂಬುದೊಂದೇ ಅವರ ಪ್ರಶ್ನೆ. ಇನ್ನೆರಡು ಎನ್ನುತ್ತಾರೆ ಅಕ್ಕ. ಹೊಸ ವೈರು ಹಾಕಿ, ಮೂರೂ ಕಡೆ ಲೋಹದ ಕ್ಲಿಪ್ ಕೂರಿಸುತ್ತಾರೆ. ಆಮೇಲೆ ಡಾಕ್ಟರೂ ಬಂದವರೂ ಸೇತುವೆ ಹತ್ತಿ ಇಳಿದು ಬರುತ್ತಾರೆ. ದೀಪ ಹತ್ತಿಲ್ಲ. ಕಾರನ್ನು ಓಡಿಸಿಕೊಂಡೇ ಹೋಗುವುದೆಂದು ಮಾತಾಗುತ್ತದೆ.

ಮಧ್ಯಾಹ್ನ ಕಾರು ಬೀದಿಯ ತಿರುವು ದಾಟುತ್ತದೆ. ಡಾಕ್ಟರು ಬೇಗ ಒಳಗೆ ಬಂದುಬಿಡುತ್ತಾರೆ. ಅಕ್ಕ ಬಾಗಿಲಲ್ಲೇ ನಿಂತು, ಎರಡನೇ ಗೇರು ಮೂರಕ್ಕೆ ಬೀಳುವ ಸದ್ದು ಕೇಳಿಸಿಕೊಳ್ಳುತ್ತಾರೆ. ಬೆಳಗಿನ ಸವಾರಿ ಹೇಗಿತ್ತೆಂದು ಕೇಳಿದರೆ ಸೀಟಿಗೆ ಹಾಸಿದ್ದ ಹಳೆಯ ಬಟ್ಟೆಯನ್ನು ಕೈಗೆತ್ತಿಕೊಳ್ಳುತ್ತಾರೆ.

"ಸೇತುವೆ ಮೇಲಿಂದ ಇಡೀ ಊರು ಕಾಣುತ್ತಂತೆ, ಭಾವ ಹೇಳ್ತಿರ್ತಾರೆ. ನಾನು ದೀಪ ನೋಡ್ತಾ ಕೂತಿದ್ದೆ." ಬೆರಳಿನ ಕಪ್ಪು ಒರೆಸಿಕೊಳ್ಳುತ್ತಾ ಮತ್ತೆ ಹೇಳುತ್ತಾರೆ: "ಅಂಥ ಕಾರಲ್ಲಿ ಇನ್ನೊಂದ್ ಸಲ ಕೂರೋದಾದ್ರೆ, ಕಿಟಕಿ ಕಡೆ ನೋಡ್ತೀನಿ."