ನೋಡದೆ ಹಾಕಿದ ಸಹಿ

ನೋಡದೆ ಸಹಿ ಹಾಕಿದೆ. ಆಮೇಲೆ ಆ ತಪ್ಪನ್ನು ಅಕ್ಕನ ಮೇಲೆ ಹೊರಿಸಿದೆ. ಮೊನ್ನೆ ಕಂಪನಿಯ ಸಭೆಗೆಂದು ಬೈಲಹೊಂಗಲಕ್ಕೆ ಹೋದಾಗ ಚಿನ್ನದ ಕೆಲಸದ ಪತ್ತಾರರ ಅಂಗಡಿಯಿಂದ ಅರಗು ಕಾಯಿಸುವ ವಾಸನೆ ಬಂತು. ಅಲ್ಲೇ ನಿಂತೆ...

ಸುತ್ತಲಿನ ರೈತರೇ ಷೇರು ಹಾಕಿ ಕಟ್ಟಿದ ಕಂಪನಿ ಅದು. ದೊಡವಾಡದ ಗೋದಾಮಿನಲ್ಲಿ ಆಗ ಅಕ್ಕ ಬೀಜದ ಉಸ್ತುವಾರಿ. ಐದನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಅವಳ ಮಾತಿನಿಂದಲೇ ಅಲ್ಲಿ ಚೀಲ ಇಳಿಸುವ ಕೆಲಸ ಸಿಕ್ಕಿತ್ತು. ಬೀಜದ ಲಾರಿ ಬಂದರೆ ಅದರಲ್ಲಿ ಒಂದಿಷ್ಟು ತೆಗೆದು, ಅರಿವೆಯ ಸಣ್ಣ ಚೀಲದಲ್ಲಿ ಕಟ್ಟಿ, ಅರಗಿನ ಮುದ್ರೆ ಒತ್ತಿ ಇಡಬೇಕು. ಮುಂದೆ ಮೋಸದ ಮಾತು ಬಂದರೆ ಅದೇ ಸಾಕ್ಷಿ. ಮುದ್ರೆ ಒತ್ತುವಾಗ ಇಬ್ಬರು ಎದುರಿಗಿದ್ದು ಚೀಟಿಗೆ ಸಹಿ ಹಾಕಬೇಕು. ಹಟ ಹಿಡಿದು ಈ ನಿಯಮ ಮಾಡಿಸಿದವಳೂ ಅಕ್ಕನೇ. ಎರಡನೆಯ ಸಹಿ ನನ್ನದು.

ಕಡಲೆಯ ಬಿತ್ತನೆ ಬೀಜದ ಲಾರಿ ಬಂದ ದಿನ ನಾನು ಹೊರಗೆ ಡ್ರೈವರನ ಜೊತೆ ಚಹಾ ಕುಡಿಯುತ್ತಿದ್ದೆ. ಅಕ್ಕ ಬಾಗಿಲಿಗೆ ಬಂದು ಎರಡು ಸಲ ಕರೆದಳು.

“ಏ ತಮ್ಮಾ, ಬಾರೋ. ಅರಗು ಆರಾಕ ಹತ್ತೈತಿ.”

“ನೀನ ಒತ್ತ ಬೇ ಅಕ್ಕಾ. ನೀ ಏನ ಕಳ್ಳಿ ಅದೀ?”

“ಅಲ್ಲಂತ ನಿನಗ ಗೊತ್ತೈತಿ. ಊರಿಗೂ ಗೊತ್ತಾಗಬೇಕಲೋ!”

ಡ್ರೈವರ ನಕ್ಕ. ನಾನೂ ನಕ್ಕೆ. ಕಾದು ಕಾದು ಅವಳೊಬ್ಬಳೇ ಮುದ್ರೆ ಒತ್ತಿದಳು. ಆಮೇಲೆ ಒಳಗೆ ಹೋಗಿ ಸಹಿ ಗೀಚಿದೆ. ಬೈದಳು, ಆದರೆ ಚೀಟಿ ಹರಿದು ಹಾಕಲಿಲ್ಲ. ತಮ್ಮನಲ್ಲವೇ...

ಆ ಬೀಜ ಹೊಲದಲ್ಲಿ ಸರಿಯಾಗಿ ಹುಟ್ಟಲಿಲ್ಲ. ತನ್ನ ಮಾಲು ಚೆನ್ನಾಗಿತ್ತು, ಗೋದಾಮಿನಲ್ಲೇ ಬದಲಾಗಿದೆ ಎಂದು ಬೀಜ ಮಾರಿದ ವ್ಯಾಪಾರಿ, ಕಂಪನಿಯ ನಿರ್ದೇಶಕರ ಮುಂದೆ ಕೂತು ವಾದಿಸಿದ. ಅಕ್ಕ ಮುದ್ರೆಯ ಚೀಲ ತಂದಿಟ್ಟಳು. ಅದನ್ನು ಬಿತ್ತಿ ನೋಡಿದ್ದರೆ ಸಾಕಿತ್ತು, ಯಾರದು ಮೋಸವೆಂದು ತಿಳಿಯುತ್ತಿತ್ತು. ಅಧ್ಯಕ್ಷರು ನನ್ನತ್ತ ತಿರುಗಿದರು.

“ಮುದ್ರಿ ಒತ್ತುವಾಗ ನೀ ಇದ್ದೇನಪಾ?”

ಕೆಲಸ ಹೋಗುತ್ತದೆಂದು ಹೆದರಿದೆ.

“ಇಲ್ರಿ. ಅಕ್ಕ ಸಹಿ ಹಾಕಂದ್ಲು, ಹಾಕೀನ್ರಿ.”

“ಕೇಳ್ರಿ, ಅಕ್ಕ ತಮ್ಮನ ಕಂಪನಿ!” ಎಂದು ವ್ಯಾಪಾರಿ ತೊಡೆ ತಟ್ಟಿ ನಕ್ಕ. ಸಾಕ್ಷಿಯಿಲ್ಲದ ಮುದ್ರೆಗೆ ಬೆಲೆಯಿಲ್ಲವೆಂದು ಆ ಚೀಲವನ್ನು ಯಾರೂ ಬಿಚ್ಚಲೇ ಇಲ್ಲ. ಅಕ್ಕ ನನ್ನನ್ನು ಒಮ್ಮೆ ನೋಡಿದಳು, ಅಷ್ಟೇ. ಅವಳ ಕೆಲಸ ಹೋಯಿತು, ನನ್ನದು ಉಳಿಯಿತು.

ಮುಂದೆ ಹೊಲಿಗೆ ಯಂತ್ರ ಇಟ್ಟುಕೊಂಡಳು. ನಾಗರ ಪಂಚಮಿ ಹಬ್ಬಕ್ಕೆ ಹೋದರೆ ಮೊದಲಿನಂತೆಯೇ ಉಂಡಿ ಕೊಡುತ್ತಿದ್ದಳು. ಆ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೋದ ವರ್ಷ ಜಡ್ಡಿನಲ್ಲಿ ತೀರಿಕೊಂಡಳು.

ಮೊನ್ನೆಯ ಸಭೆಯಲ್ಲಿ ಹೊಸ ನಿಯಮ ಓದಿದರು: ಒಂದೇ ಮನೆಯವರು ಜೊತೆಯಾಗಿ ಸಹಿ ಹಾಕುವಂತಿಲ್ಲ. ನನ್ನ ಹಿಂದೆ ಯಾರೋ ಅಂದರು, “ಇದ ಮೊದಲ ಇದ್ದಿದ್ರ ಆ ಬೀಜದಾಕಿ ಆಟ ನಡೀತಿದ್ದಿಲ್ಲ.”

ನಾನು ಎದ್ದು ನಿಂತೆ. ಮೈಕು ಬೇಡವೆಂದೆ.

“ಆಕಿ ಆಟ ಆಡಲಿಲ್ರಿ. ನೋಡಾಕ ಬಾ ಅಂತ ನನ್ನ ಕರದ್ಲು, ನಾ ಹೋಗಲಿಲ್ಲ. ಆಮ್ಯಾಲ ನಿಮ್ಮ ಮುಂದ ಸುಳ್ಳು ಹೇಳಿದೆ.”

ಕೇಳಬೇಕಾದವಳು ಅಲ್ಲಿರಲಿಲ್ಲ. ಆದರೂ ಎಲ್ಲರಿಗೂ ಕೇಳುವಂತೆ ಹೇಳಿದೆ:

“ಅಕ್ಕಾ, ನಂದು ತಪ್ಪಾತ ಬೇ.”