ಖಾಲಿ ಕೋಶದಲ್ಲಿ ಮೂಡಿದ ಪಟ್ಟೆ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಪಟ್ಟೆಯಕ್ಕ ಎಂದೇ. ಹದಿನೇಳು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದೊಳಗೆ ಜೀನುಗಳ ನಕಲು ತೆಗೆಸುವ ಒಂದು ಪ್ರೋಟೀನನ್ನು ಹಿಡಿದು ತೋರಿಸುವುದು. ಹಿಡಿಯಲು ಇದ್ದದ್ದು ಮೊಲದ ರಕ್ತದಿಂದ ತೆಗೆದ, ಅದೊಂದಕ್ಕೇ ಅಂಟಿಕೊಳ್ಳಬೇಕಾದ ಆ್ಯಂಟಿಬಾಡಿ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬಿಳಿ ಪೊರೆಯ ಮೇಲೆ ಹರಡಿ ಆ್ಯಂಟಿಬಾಡಿಯಲ್ಲಿ ನೆನೆಸಿದರೆ, ಬೇಕಾದ ಪ್ರೋಟೀನು ಇದ್ದಲ್ಲಿ ಕಪ್ಪು ಪಟ್ಟೆ ಮೂಡಬೇಕು. ಅವಳ ಕೈಯಲ್ಲಿ ಅದು ಸ್ಕೇಲು ಇಟ್ಟು ಎಳೆದಂತೆ ಮೂಡುತ್ತಿತ್ತು. ಆ ಪಟ್ಟೆ ತೋರಿಸಿಯೇ ಪ್ರೊಫೆಸರರು ಊರೂರು ಸುತ್ತಿ ಭಾಷಣ ಬಿಗಿದು ಬಂದಿದ್ದರು.

ಆ್ಯಂಟಿಬಾಡಿ ತುಟ್ಟಿ. ಹಾಗಾಗಿ ಅವಳು ಪೊರೆಯನ್ನು ಇಡಿಯಾಗಿ ನೆನೆಸುತ್ತಿರಲಿಲ್ಲ. ಪ್ರೋಟೀನು ಇರಬೇಕಾದ ಜಾಗವನ್ನಷ್ಟೇ ಬೆರಳಗಲ ಕತ್ತರಿಸಿಕೊಂಡು, ಉಳಿದದ್ದನ್ನು ಬುಟ್ಟಿಗೆ ಹಾಕುತ್ತಿದ್ದಳು. ಈ ಜಾಣತನ ಕಲಿಯಲು ಪಕ್ಕದ ಲ್ಯಾಬಿನವರೂ ಬಂದಿದ್ದುಂಟು. ಬುಟ್ಟಿಗೆ ಹೋದದ್ದರಲ್ಲಿ ಏನಿತ್ತು ಎಂದು ಮಾತ್ರ ಯಾರೂ ಕೇಳಲಿಲ್ಲ. ಆ್ಯಂಟಿಬಾಡಿಯ ಬಾಟಲಿಯ ಮೇಲೆ ಪ್ರೋಟೀನಿನ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿತ್ತಲ್ಲ, ಇನ್ನೇನು ಬೇಕು.

ಅವಳ ನಿವೃತ್ತಿಗೆ ಒಂದು ವಾರವಿರುವಾಗ, ಪ್ರೊಫೆಸರರ ಹೊಸ ಲೇಖನವನ್ನು ಅಚ್ಚಿಗೆ ಮೊದಲು ಪರಿಶೀಲಿಸಿದ ಯಾವನೋ ಪುಣ್ಯಾತ್ಮ ಎರಡು ಬೇಡಿಕೆ ಇಟ್ಟ. ಪೊರೆ ಇಡಿಯಾಗಿರಬೇಕು. ಪಕ್ಕದಲ್ಲಿ, ಆ ಪ್ರೋಟೀನಿನ ಜೀನನ್ನೇ ಕಿತ್ತುಹಾಕಿದ ಕೋಶಗಳ ಸ್ಯಾಂಪಲ್ಲೂ ಇರಬೇಕು. ಅಂಥ ಖಾಲಿ ಕೋಶಗಳಲ್ಲಿ ಪಟ್ಟೆ ಮೂಡಕೂಡದು.

ಮೂಡಿತು. ಅದೇ ಜಾಗದಲ್ಲಿ, ಅಷ್ಟೇ ಕಪ್ಪಗೆ. ಮೇಲೆ ಕೆಳಗೆ ಇನ್ನೂ ಐದು ಬೇರೆ. ಪಟ್ಟೆಯಕ್ಕ ಹೊಸ ಪೊರೆ ತೆಗೆದುಕೊಂಡಳು. ಮತ್ತೆ ಮೂರು ಸಲ ಮಾಡಿದಳು, ನನ್ನ ಕೈಯೇ ತಪ್ಪಿರಲಿ ದೇವರೇ ಎಂದುಕೊಂಡು ಮಾಡಿದಳು. ಹಾಳು ಕೈ, ಒಂದು ಸಲವೂ ತಪ್ಪಲಿಲ್ಲ.

ಪ್ರೊಫೆಸರರು ಚಿತ್ರಗಳನ್ನು ನೋಡಿ ಕನ್ನಡಕ ಒರೆಸಿಕೊಂಡರು.

"ವಯಸ್ಸಾಯ್ತಲ್ಲ ಅಕ್ಕ, ನಿಮ್ಮ ಕೈಲಿ ಸ್ಯಾಂಪಲ್ ಅದಲು ಬದಲಾಗಿರ್ಬೇಕು."

"ಪ್ರತಿ ಸಲಾನೂ ಹೇಗೆ ಬದಲಾಗುತ್ತೆ ಸಾರ್?"

"ಆಗಿದೆ ಅಂತ ಲ್ಯಾಬ್ ಪುಸ್ತಕದಲ್ಲಿ ಬರೆದು ಸಹಿ ಹಾಕ್ಬಿಡಿ. ನಿಮಗೇನು, ಮುಂದಿನ ವಾರ ಆರಾಮಾಗಿ ಮನೇಲಿರ್ತೀರಿ. ಲೇಖನ ನಾನು ನೋಡ್ಕೋತೀನಿ."

ಮನೆಯಲ್ಲಿ ಗಂಡನದ್ದೂ ಅದೇ ರಾಗ. "ತಪ್ಪಾಯ್ತು ಅಂದ್ರೆ ಬಾಯೇನು ಸವೆದುಹೋಗುತ್ತಾ?"

ಬಾಯಿ ಸವೆಯುವುದಿಲ್ಲ, ನಿಜ. ಆದರೆ ಅವಳಿಗೆ ಪದವಿ ಇರಲಿಲ್ಲ, ಲೇಖನಗಳಲ್ಲಿ ಹೆಸರಿರಲಿಲ್ಲ; ಇದ್ದದ್ದು ಆ ಕೈಯೊಂದೇ. ಅದು ತಪ್ಪಿತೆಂದು ಸಹಿ ಹಾಕಿದರೆ ಆ ಒಂದು ನಿಜವೂ ಸುಳ್ಳಾಗುತ್ತದೆ. ತಪ್ಪಿಲ್ಲವೆಂದರೆ ಹದಿನೇಳು ವರ್ಷದ ದುಡಿಮೆ ಸುಳ್ಳಾಗುತ್ತದೆ. ಎರಡು ದಿನ ಅವಳಿಗೆ ಊಟ ಸೇರಲಿಲ್ಲ, ಗಂಡನ ಮೇಲೆ ವಿನಾಕಾರಣ ಹರಿಹಾಯ್ದಳು.

ಮೂರನೆಯ ದಿನ ಬೆಳಿಗ್ಗೆ ಲ್ಯಾಬಿಗೆ ಹೋಗಿ ಆ ಪುಸ್ತಕದಲ್ಲಿ ನಿಂತೇ ಬರೆದಳು: "ಸ್ಯಾಂಪಲ್ ಅದಲು ಬದಲಾಗಿಲ್ಲ. ಈ ಆ್ಯಂಟಿಬಾಡಿ ಹಿಡಿಯುತ್ತಿರುವುದು ನಮ್ಮ ಪ್ರೋಟೀನನ್ನಲ್ಲ. ಯಾವುದನ್ನು ಎಂದು ನನಗೆ ಗೊತ್ತಿಲ್ಲ. ನಾನು ಈವರೆಗೆ ಕೊಟ್ಟ ಯಾವ ಪಟ್ಟೆಯನ್ನೂ ನಂಬಬೇಡಿ."

ಕೆಳಗೆ ಮೊದಲ ಸಲ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.